ಗುಡ್ಡಕ್ಕೆ ಲಗೇಜ್ ಟಿಕೆಟ್

ಆ ಆಹ್ವಾನಪತ್ರಿಕೆ ನಿಮ್ಮ ವಾಟ್ಸಾಪಿಗೂ ಬಂದಿರುತ್ತೆ. ಬರದಿದ್ದರೂ ಅಡ್ಡಿಯಿಲ್ಲ, ಹೋದ ವರ್ಷದ್ದು ಬಂದಿರುತ್ತೆ, ಎರಡೂ ಒಂದೇ. ಬೆಂಗಳೂರಿನ ಒಂದು ಗ್ಯಾಲರಿ, ಎಂಟು ಜನ ‘ಪ್ರಾದೇಶಿಕ ಕಲಾವಿದರು’, ‘ದೇಹ ಮತ್ತು ಭೂದೃಶ್ಯದ ಮೌನ ಸಂವಾದ’. ಮೌನವಾಗಿದ್ದರೆ ಸಂವಾದ ಹೇಗಾಯ್ತು ಅಂತ ಕೇಳಬಾರದು. ಕೇಳಿದರೆ ನಿಮಗೆ ಕಲೆ ಗೊತ್ತಿಲ್ಲ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತೆ.

ನಾನು ಹೋಗಿದ್ದೆ. ಹೋಗದೆ ಇರುವ ಹಾಗಿರಲಿಲ್ಲ, ಎಂಟು ಜನರಲ್ಲಿ ಒಬ್ಬರು ನನ್ನ ಹಳೇ ಪರಿಚಯ. ಗದಗ ಜಿಲ್ಲೆಯವರು, ಊರಿಗೆಲ್ಲ ಡ್ರಾಯಿಂಗ್ ಮಾಸ್ತರು.

ಮೊದಲು ಈ ‘ಪ್ರಾದೇಶಿಕ’ದ ಪಂಚಾಯ್ತಿ ಮುಗಿಸಿಬಿಡೋಣ. ಇಂದಿರಾನಗರದಲ್ಲಿ ಕೂತು ಚಿತ್ರ ಬರೆದರೆ ಸಮಕಾಲೀನ, ಮುಂಡರಗಿಯಲ್ಲಿ ಕೂತು ಬರೆದರೆ ಪ್ರಾದೇಶಿಕ. ಅಂದರೆ ಬೆಂಗಳೂರು ಯಾವ ಪ್ರದೇಶದಲ್ಲೂ ಇಲ್ಲ, ಸುಮ್ನೆ ಗಾಳಿಯಲ್ಲಿ ತೇಲುತ್ತಿದೆ. ಕಲಬುರಗಿಯ ಎಸ್.ಎಂ. ಪಂಡಿತರು ಬರೆದ ದೇವರುಗಳು ಕ್ಯಾಲೆಂಡರ್ ಆಗಿ ದೇಶದ ಉದ್ದಗಲಕ್ಕೂ ಮೊಳೆಗೆ ನೇತಾಡಿದವು. ಇವತ್ತು ಬಂದಿದ್ದರೆ ಅವರಿಗೂ ಒಂದು ಚೀಟಿ ಅಂಟಿಸಿ, ಟಾಯ್ಲೆಟ್ ಪಕ್ಕದ ಗೋಡೆ ಕೊಡುತ್ತಿದ್ದರೇನೋ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಜಾಣರು, ಮೊದಲೇ ಮುಂಬೈ ಸೇರಿಕೊಂಡುಬಿಟ್ಟರು.

ಇನ್ನು ಭೂದೃಶ್ಯ. ಅದನ್ನು ನಾವೀಗ ಕಾವೇರಿ ನೀರಿನ ಹಾಗೆ ಹೊರಗಿನಿಂದಲೇ ತರಿಸಿಕೊಳ್ಳಬೇಕು. ರುಮಾಲೆ ಚನ್ನಬಸವಯ್ಯನವರ ಕಾಲಕ್ಕೆ ಈ ಕಷ್ಟ ಇರಲಿಲ್ಲ. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಲ್ಲ ಮಾಡಿ ಕೊನೆಗೆ ಈ ಊರಿನ ಹೂಬಿಟ್ಟ ಮರಗಳ ಮುಂದೆ ಈಸೆಲ್ ಹಿಡಿದು ನಿಂತರು ಅವರು. ಈಗ ರಸ್ತೆ ಬದಿಯಲ್ಲಿ ಈಸೆಲ್ ಇಟ್ಟರೆ ಟೋಯಿಂಗ್‌ನವರು ಎತ್ತಿಕೊಂಡು ಹೋಗುತ್ತಾರೆ. ಮರ ಹೇಗೂ ಅವರಿಗಿಂತ ಮೊದಲೇ ಹೋಗಿರುತ್ತೆ.

ಹಾಗಾಗಿ ಮಾಸ್ತರು ತಮ್ಮ ಭೂದೃಶ್ಯವನ್ನು ಬಸ್ಸಲ್ಲಿ ತಂದರು. ನಾಲ್ಕಡಿ ಅಗಲದ ಕ್ಯಾನ್ವಾಸು. ಹಳೇ ದುಪ್ಪಡಿ ಸುತ್ತಿ, ಮೇಲೊಂದು ಸಣಬಿನ ಹಗ್ಗ ಬಿಗಿದಿದ್ದರು. ಕಂಡಕ್ಟರ್ ತಡೆದು ನಿಲ್ಲಿಸಿದನಂತೆ.

“ಏನೈತ್ರಿ ಇದ್ರಾಗ?”

“ಕಪ್ಪತಗುಡ್ಡರೀ.”

“ಹಂಗಾದ್ರ ಪೂರಾ ಟಿಕೆಟ್ ತಗೋಬೇಕಾಗ್ತದ್ರಿ.”

ಆಮೇಲೆ ದುಪ್ಪಡಿಯ ಮೂಲೆ ಸರಿಸಿ ಒಂದು ಗೇಣಿನಷ್ಟು ನೋಡಿದನಂತೆ. “ಡೋಣಿ ಊರ ಕಡಿಂದ ನೋಡಿದ್ದಲ್ಲೇನ್ರಿ ಇದು?” ಅಂದನಂತೆ. ಲಗೇಜ್ ಟಿಕೆಟ್ ಹರಿದುಕೊಟ್ಟು, ಕ್ಯಾನ್ವಾಸನ್ನು ತಾನೇ ಹಿಂದಿನ ಸೀಟಿಗೆ ಒರಗಿಸಿ ನಿಲ್ಲಿಸಿದನಂತೆ. ಈ ಇಡೀ ಪ್ರದರ್ಶನದ ಬಗ್ಗೆ ನಾನು ಕೇಳಿದ ಒಳ್ಳೆಯ ವಿಮರ್ಶೆ ಇದೊಂದೇ.

ಗ್ಯಾಲರಿಯಲ್ಲಿ ನಡೆದದ್ದು ಬೇರೆ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ತಡವಾಗಿ ಬಂದರು. ದೀಪ ಹಚ್ಚಿದರು, ಚಿತ್ರಗಳಿಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆಸಿಕೊಂಡರು, ಹೋದರು. ಆಮೇಲೆ ಕ್ಯುರೇಟರ್ ಮೇಡಂ ಒಂದೊಂದೇ ಚಿತ್ರದ ಮುಂದೆ ನಿಂತು ವಿವರಿಸುತ್ತಾ ಬಂದರು. ಮಾಸ್ತರ ಚಿತ್ರದಲ್ಲಿ ಗುಡ್ಡದ ಸಾಲು, ನೆತ್ತಿ ಮೇಲೆ ಗಾಳಿಯಂತ್ರಗಳು, ಕೆಳಗೆ ಪೊದೆಗೆ ಬಾಗಿದ ಒಬ್ಬ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಬೆರಳ ತುದಿ ಕಪ್ಪಾಗಿದೆ.

“ಇಲ್ಲಿ ದೇಹ ಭೂಮಿಯೊಳಗೆ ಕರಗ್ತಾ ಇದೆ. ಹೆಣ್ಣು ತನ್ನ ಗುರುತನ್ನ ಕಳ್ಕೊಂಡಿದ್ದಾಳೆ. ಅಲ್ವಾ ಸರ್?” ಅಂದರು ಮೇಡಂ.

“ಇಲ್ರೀ ಮೇಡಂ, ಅಕಿ ನಮ್ಮ ಚಿಗವ್ವ. ಕವಳಿಹಣ್ಣು ಹರಿಯಾಕ ಬಂದಾಳ್ರಿ.”

“ಮತ್ತೆ ಈ ಬಿಳಿ ಕಂಬಗಳು? ಆಧುನಿಕತೆಯ ಆತಂಕ?”

“ಗಾಳಿಯಂತ್ರರೀ. ಕರೆಂಟ್ ಮಾಡ್ತಾವು.”

ಮೇಡಂ ಜೋರಾಗಿ ತಲೆಯಾಡಿಸಿದರು. ಕ್ಯಾಟಲಾಗಿನಲ್ಲಿ ‘ಗುರುತು ಕಳೆದುಕೊಂಡ ಸ್ತ್ರೀ, ಅನಾಮಿಕ ಬೆಟ್ಟ’ ಅಂತ ಆಗಲೇ ಅಚ್ಚಾಗಿತ್ತು. ಇನ್ನೇನು ಮಾಡಲಿಕ್ಕಾಗುತ್ತೆ, ಚಿಗವ್ವನೇ ಹೊಂದಿಕೊಳ್ಳಬೇಕು.

ಅನಾಮಿಕವಂತೆ. ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶದ ಪಟ್ಟಿಯಿಂದ ಸರ್ಕಾರ ಕೈಬಿಟ್ಟಾಗ, 2017ರಲ್ಲಿ ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಜೊತೆ ಜನ ಧರಣಿ ಕೂತರು. ಪಟ್ಟಿಗೆ ವಾಪಸ್ ಸೇರಿತು, 2019ರಲ್ಲಿ ವನ್ಯಜೀವಿಧಾಮವೂ ಆಯ್ತು. ಮಾಸ್ತರೂ ಆ ಧರಣಿಯಲ್ಲಿ ಕೂತಿದ್ದರು, ಚಿಗವ್ವನೂ ಬುತ್ತಿ ಕಟ್ಟಿಕೊಂಡು ಬಂದಿದ್ದಳಂತೆ. ಗುಡ್ಡ ಉಳಿದದ್ದರಿಂದ ಚಿತ್ರವೂ ಆಯ್ತು. ಇದನ್ನು ಯಾರಾದರೂ ಕೇಳಿದ್ದರೆ ಅವರೇ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ. ‘ಮೌನ ಸಂವಾದ’ ಅಂದರೆ ಇದೇ ಇರಬೇಕು.

ಹೊರಗೆ ಬಂದು ಟೀ ಕುಡಿಯುವಾಗ ಲೆಕ್ಕ ಕೇಳಿದೆ. ಕೇಳಬಾರದಿತ್ತು. ಗೋಡೆಗೆ ‘ಭಾಗವಹಿಸುವ ಶುಲ್ಕ’ 15,000 ರೂಪಾಯಿ. ಫ್ರೇಮು, ಬಸ್ಸು, ಲಾಡ್ಜು ಅವರದ್ದೇ. ಚಿತ್ರ ಮಾರಿದರೆ ನೂರಕ್ಕೆ ನಲವತ್ತು ಗ್ಯಾಲರಿಗೆ. ಇದಕ್ಕೆ ‘ಅವಕಾಶ’ ಅಂತ ಹೆಸರು. ಹೋಟೆಲಿನವನು ನಿಮ್ಮಿಂದಲೇ ಅಕ್ಕಿ ತರಿಸಿ, ನಿಮ್ಮಿಂದಲೇ ಅನ್ನ ಮಾಡಿಸಿ, ಆಮೇಲೆ ಬಿಲ್ಲನ್ನೂ ಕೊಟ್ಟು, ಊಟಕ್ಕೆ ಅವಕಾಶ ಮಾಡಿಕೊಟ್ಟೆ ಅಂದ ಹಾಗೆ.

ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆಯಲ್ಲ ಅಂತೀರಿ. ಸರ್ಕಾರದ್ದು, ಬಾಡಿಗೆ ಕಡಿಮೆ, ಇಂಥವರಿಗಾಗಿಯೇ ಇರುವುದು. ಅದನ್ನೂ ಖಾಸಗಿ ಪ್ರತಿಷ್ಠಾನವೊಂದರ ಕೈಗೆ ಕೊಡಲು ಹೊರಟಿದ್ದಕ್ಕೆ 2016ರಲ್ಲಿ ಕಲಾವಿದರು ಬೀದಿಗಿಳಿಯಬೇಕಾಯ್ತು. ಗುಡ್ಡಕ್ಕೂ ಧರಣಿ, ಗುಡ್ಡದ ಚಿತ್ರ ತೂಗುಹಾಕುವ ಗೋಡೆಗೂ ಧರಣಿ.

ನಗಿಸೋಣ ಅಂತಲೇ ಇದನ್ನು ಬರೆಯಲು ಕೂತೆ. ಆಗುತ್ತಿಲ್ಲ. ಮಾಸ್ತರು ನಿವೃತ್ತರಾದ ಮೇಲೆ ಅವರ ಶಾಲೆಗೆ ಇನ್ನೊಬ್ಬ ಡ್ರಾಯಿಂಗ್ ಮಾಸ್ತರು ಬರಲೇ ಇಲ್ಲ. ಆ ಪೀರಿಯಡ್ಡಿನಲ್ಲಿ ಗಣಿತ ಮಾಡುತ್ತಾರಂತೆ. ಮಕ್ಕಳ ಕೈಗೆ ಬಣ್ಣ ಕೊಡುವವರಿಲ್ಲ, ಮುದುಕನ ಕೈಯಿಂದ ಗೋಡೆಗೆ ಬಾಡಿಗೆ ಕೀಳುತ್ತೀರಿ, ಮೇಲೆ ‘ಪ್ರಾದೇಶಿಕ ಪ್ರತಿಭೆಗಳಿಗೆ ಪ್ರೋತ್ಸಾಹ’ ಅಂತ ಬ್ಯಾನರ್ ಕಟ್ಟುತ್ತೀರಿ. ನಾಚಿಕೆ ಅನ್ನುವುದು ಯಾವ ಪ್ರದೇಶದಲ್ಲಿ ಸಿಗುತ್ತೆ ಸ್ವಾಮಿ?

ಚಿತ್ರ ಮಾರಾಟವಾಗಲಿಲ್ಲ. ಒಬ್ಬರು ವಿಚಾರಿಸಿದರಂತೆ, ಹೆಂಗಸನ್ನು ತೆಗೆದು ಬರೀ ಗುಡ್ಡ ಮಾಡಿಕೊಡೋಕಾಗುತ್ತಾ ಅಂತ. ಚಿಗವ್ವನನ್ನು ಬಿಟ್ಟು ಗುಡ್ಡ ಮಾರುವುದಕ್ಕೆ ಮಾಸ್ತರು ಒಪ್ಪಲಿಲ್ಲ.

ಮಂಗಳವಾರ ರಾತ್ರಿ ಬಸ್ಸಿಗೆ ವಾಪಸ್ ಹೋದರು. ಬೆಳಿಗ್ಗೆ ಫೋನ್ ಬಂತು. ಗುಡ್ಡಕ್ಕೆ ಮತ್ತೆ ಲಗೇಜ್ ಟಿಕೆಟ್ ಆಯ್ತಂತೆ. ಗ್ಯಾಲರಿಯವರು ಕೊಟ್ಟ ಪ್ಲಾಸ್ಟಿಕ್ ವಿಧಾನಸೌಧ ಹೆಗಲಚೀಲದಲ್ಲಿತ್ತು. ಅದಕ್ಕೆ ಕಂಡಕ್ಟರ್ ಏನೂ ಚಾರ್ಜ್ ಮಾಡಲಿಲ್ಲವಂತೆ.