ಹಾಲ್ ಹಿತ್ತಲಿಗೆ, ಅಂಗಡಿ ಬೀದಿಗೆ

ಪೇಟೆಯ ಹಳೇ ಕಟ್ಟಡ ಉಳಿಸಲು ಹೊರಟವರ ನಕ್ಷೆ ಸಾಮಾನ್ಯವಾಗಿ ಒಂದೇ ಥರ: ಕೆಳಗೆ ಊರಿನ ಸರಕು ಮಾರುವ ಅಂಗಡಿ, ಮಹಡಿಯಲ್ಲಿ ಕಾರ್ಯಕ್ರಮದ ಹಾಲ್. ಬಾಲ್ಕನಿ ಫೋಟೊಗೆ ಚೆನ್ನ, ಹಾಲ್ ಬಾಡಿಗೆ ಇನ್ನೂ ಚೆನ್ನ. ನನ್ನ ತಕರಾರು ಇಷ್ಟೇ, ಗುಂಪು ಸೇರುವ ಜಾಗವನ್ನು ಮರದ ತೊಲೆಗಳ ಮೇಲೆ ಇಡಬೇಡಿ.

ಲೆಕ್ಕ ನೋಡಿ. ಕಟ್ಟಡ ಎಷ್ಟು ಭಾರ ಹೊರಬೇಕೆಂದು ಹೇಳುವ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗದ ಪ್ರಕಾರ ಮನೆಯ ನೆಲ ಚದರ ಮೀಟರಿಗೆ ಸುಮಾರು 200 ಕೆಜಿ ಹೊತ್ತರೆ ಸಾಕು. ಕುರ್ಚಿಗಳನ್ನು ನೆಲಕ್ಕೆ ಬಿಗಿಯದ ಸಭಾಂಗಣಕ್ಕೆ ಸುಮಾರು 500 ಕೆಜಿ ಬೇಕು. 20 ಅಡಿಗೆ 40 ಅಡಿಯ ಹಾಲ್ ಎಂದರೆ ಸುಮಾರು 74 ಚದರ ಮೀಟರ್. ಸಂಸಾರವೊಂದು ಓಡಾಡಿಕೊಂಡಿದ್ದ, 15 ಟನ್ನಿನ ಲೆಕ್ಕದ ಮಹಡಿಯಿಂದ 37 ಟನ್ ಕೇಳುತ್ತಿದ್ದೀರಿ. ಸಂಗೀತ್ ರಾತ್ರಿ ಎಲ್ಲರೂ ಒಂದೇ ತಾಳಕ್ಕೆ ಕುಣಿದರೆ ಕತೆ ಬೇರೆ.

ತೊಲೆ ನಡುವೆ ಗಟ್ಟಿಯಾಗಿ ಕಾಣುತ್ತದೆ, ಹಾಳಾಗುವುದು ಗೋಡೆಯೊಳಗೆ ಹೂತಿರುವ ತುದಿ. ಗೋಡೆಯ ತೇವವನ್ನು ಮೊದಲು ಹೀರುವುದು ಅದು, ಗೆದ್ದಲು ಹತ್ತುವುದೂ ಅಲ್ಲಿಂದಲೇ. ಸುತ್ತಿಗೆಯಿಂದ ಬಡಿದು ಸದ್ದು ಕೇಳಿ, ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಬೆಣ್ಣೆಗೆ ಹೋದ ಹಾಗೆ ಒಳಗೆ ಹೋದರೆ ಮೊದಲು ಕೆಳಗಿನಿಂದ ಜಾಕ್ ಕೊಡಿ. ಆಮೇಲೆ ಕೊಳೆತಷ್ಟನ್ನು ಕೊಯ್ದು, ಒಣಗಿದ ತೇಗದ ತುಂಡನ್ನು ಓರೆಯಾಗಿ ಕೊಯ್ದ ಜೋಡಣೆಯಲ್ಲಿ ಸೇರಿಸಿ, ಎರಡೂ ಬದಿಗೆ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಹಾಕಬೇಕು. ತುದಿಯ ಸುತ್ತ ಗಾಳಿಯಾಡಲು ಸಂದು ಬಿಡಿ. ಅದಕ್ಕೆ ಸಿಮೆಂಟ್ ತುರುಕುವ ಮೇಸ್ತ್ರಿಯನ್ನು ಅವತ್ತೇ ಮನೆಗೆ ಕಳಿಸಿ.

ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಚ್ಚು ಹಾಕಿದ ಹಳೇ ಚಾವಣಿ, ಸೋರಿದರೆ ಮೇಲೆ ಎರಡು ಇಂಚು ಕಾಂಕ್ರೀಟ್ ಸುರಿಯುವುದು ಇನ್ನೊಂದು ಜಾಡ್ಯ. ಚದರ ಮೀಟರಿಗೆ 120 ಕೆಜಿ ಹೊಸ ಭಾರ, ಅದೂ ವರ್ಷಪೂರ್ತಿ. ಬಿರುಕು ಬಿಟ್ಟ ಗಚ್ಚನ್ನು ಕಿತ್ತು, ಸುಣ್ಣ ಮತ್ತು ಇಟ್ಟಿಗೆ ಜಲ್ಲಿಯಲ್ಲೇ ಮತ್ತೆ ಹಾಕಿ ಬಡಿದರೆ ಹೆಚ್ಚುವರಿ ಭಾರವೇ ಇಲ್ಲ.

ಗೋಡೆಯದೂ ಅದೇ ಹಾಡು. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಪ್ಲಾಸ್ಟರ್ ತಡೆದು ಇನ್ನೂ ಮೇಲಕ್ಕೆ ಹತ್ತಿಸುತ್ತದೆ. ಬಣ್ಣ ಉಬ್ಬುತ್ತದೆ, ಉಪ್ಪು ಬಿಳಿಬಿಳಿಯಾಗಿ ಕೂರುತ್ತದೆ. ಸಿಮೆಂಟ್ ಕಿತ್ತ ಮೇಲೆ ಗೋಡೆ ಇಂಚಿಗೆ ಒಂದು ತಿಂಗಳಿನಂತೆ ಒಣಗುತ್ತದೆ ಎಂಬುದು ಕೆಲಸದವರ ಅಂದಾಜು. 18 ಇಂಚಿನ ಗೋಡೆಗೆ ವರ್ಷ ದಾಟುತ್ತದೆ. ಒಣಗಿದ ಮೇಲೆ ಹೊಸ ಗಾರೆಗೆ, ನೀರಿನಲ್ಲಿ ಕೊಳೆಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಇಷ್ಟು ಕಾಯಲಾಗದೆ, ಉದ್ಘಾಟನೆಯ ದಿನಾಂಕ ಮೊದಲೇ ಗೊತ್ತುಮಾಡಿ ಒದ್ದೆ ಗೋಡೆಗೆ ಎಮಲ್ಷನ್ ಬಳಿಯುವವರೇ ಹೆಚ್ಚು.

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಬಿದ್ದು ಜೀವಗಳು ಹೋದದ್ದು 2012ರ ಆಗಸ್ಟ್‌ನಲ್ಲಿ. ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿದದ್ದು 2016ರ ಆಗಸ್ಟ್‌ನಲ್ಲಿ, ಅದೂ ದುರಸ್ತಿ ನಡೆಯುತ್ತಿದ್ದಾಗ. ಎರಡಕ್ಕೂ ಕಾರಣ ಒಂದೇ ಎನ್ನುತ್ತಿಲ್ಲ. ಆದರೆ ಮಳೆಗಾಲದಲ್ಲಿ ಹಳೇ ಗೋಡೆ ಬಿಚ್ಚುವುದಾದರೆ ಆಸರೆ ಕಂಬ ಕೊಟ್ಟು ಟಾರ್ಪಾಲು ಕಟ್ಟಿದ ಮೇಲೆಯೇ ಗುದ್ದಲಿ ಎತ್ತಬೇಕು.

ಹಾಗಾದರೆ ಹಾಲ್ ಎಲ್ಲಿ? ಹಿತ್ತಲಲ್ಲಿ, ಗಟ್ಟಿ ನೆಲದ ಮೇಲೆ, ಹಳೇ ಗೋಡೆಗೆ ತಾಗದಂತೆ ತನ್ನದೇ ಕಂಬಗಳ ಮೇಲೆ ನಿಂತ ಹಗುರ ಮಾಡಿನಡಿ. ಬೆಂಗಳೂರಿನ ಮಾಣಿಕ್ಯವೇಲು ಬಂಗಲೆ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ತೆರೆದಾಗಲೂ ಎಲ್ಲವನ್ನೂ ಹಳೇ ಮನೆಯೊಳಗೆ ತುರುಕದೆ ಹೊಸ ಬ್ಲಾಕ್ ಕಟ್ಟಿದರು. ಅಡುಗೆ, ಶೌಚಾಲಯ, ಜನರೇಟರ್ ಕೂಡ ಹಿಂದೆಯೇ ಇರಲಿ. ಎಸಿಯಿಂದ ತೊಟ್ಟಿಕ್ಕುವ ನೀರಿಗೆ ಚರಂಡಿಯವರೆಗೆ ಪೈಪ್ ಬೇಕು, ಗೋಡೆ ಮೇಲೆ ಬಿಟ್ಟರೆ ಒಣಗಿಸಿದ ಶ್ರಮವೆಲ್ಲ ದಂಡ. ಮಹಡಿಗೆ ಕಚೇರಿಯೋ ಹೊಲಿಗೆ ತರಗತಿಯೋ ಸಾಕು. ಅದಕ್ಕೂ ಎಂಜಿನಿಯರ್ ತೊಲೆ ನೋಡಿ ಇಷ್ಟೇ ಜನ ಎಂದು ಬರೆದುಕೊಡಲಿ.

ಬೀದಿ ಕಡೆಯ ಒಳ್ಳೆಯ ಜಾಗ ಮಾತ್ರ ಅಂಗಡಿಗೆ, ಬಾಡಿಗೆ ಕಮ್ಮಿಯಾದರೂ. ಹಾಲ್‌ಗೆ ಬರುವವರು ಮುಹೂರ್ತವಿದ್ದ ದಿನ ಬಂದು ಹೋಗುತ್ತಾರೆ, ಅಂಗಡಿಯವರು ದಿನಾ ಬಾಗಿಲು ತೆಗೆಯುತ್ತಾರೆ. ಹೊಸ ಸೋರಿಕೆ ಮೊದಲು ಕಾಣುವುದು ಅವರ ಕಣ್ಣಿಗೆ. ತಾರಸಿಯ ನೀರು ಇಳಿಯುವ ಪೈಪಿನ ಬಾಯಿಯ ಎಲೆ ತೆಗೆಯುವುದು ಮೇ ತಿಂಗಳಲ್ಲಿ ಒಮ್ಮೆ, ಮಳೆ ಬಿದ್ದ ಮೇಲೆ ವಾರಕ್ಕೊಮ್ಮೆ ಎಂದು ಅಂಗಡಿಯ ಕರಾರಿನಲ್ಲೇ ಬರೆಯಿರಿ, ಅದಕ್ಕೆ ಬಾಡಿಗೆಯಲ್ಲಿ ಒಂದಿಷ್ಟು ಬಿಡಿ. ಹಾಲ್‌ನ ಕರಾರಿನಲ್ಲಿ ಇನ್ನೊಂದು ಸಾಲು ಇರಲಿ: ಹಳೇ ಗೋಡೆಗೆ ಮೊಳೆ ಹೊಡೆದರೆ, ಕಂಬಕ್ಕೆ ಶಾಮಿಯಾನದ ಹಗ್ಗ ಕಟ್ಟಿದರೆ ಅಡ್ವಾನ್ಸ್ ವಾಪಸಿಲ್ಲ.