ಡಬಲ್ಸ್ ತಾನೇ ಎನ್ನುವವರಿಗೆ

ಕಳೆದ ಭಾನುವಾರ ಮಕ್ಕಳ ಟೇಬಲ್ ಟೆನಿಸ್ ಟೂರ್ನಿಯೊಂದಕ್ಕೆ ಹೋಗಿದ್ದೆ. ಬಾಲಕಿಯರ ಡಬಲ್ಸ್ ಫೈನಲ್ ಮೂಲೆಯ ಟೇಬಲ್‌ನಲ್ಲಿ ನಡೆಯುತ್ತಿತ್ತು. ಸಿಂಗಲ್ಸ್ ಮುಗಿದಿದ್ದರಿಂದ ನಡುವಿನ ಟೇಬಲನ್ನು ಮಡಚಿ ಗೋಡೆಗೆ ಒರಗಿಸಿ, ಆ ಜಾಗದಲ್ಲಿ ಬಹುಮಾನ ವಿತರಣೆಗೆ ಕುರ್ಚಿ ಹಾಕುತ್ತಿದ್ದರು. ಪಂದ್ಯ ನಿರ್ಣಾಯಕ ಗೇಮ್‌ಗೆ ಬಂದಿತ್ತು. ಅಂಕ 8–8. ಯಾರೋ ಮೈಕ್ ಹಿಡಿದು ‘ಹಲೋ ಹಲೋ’ ಎಂದು ಪರೀಕ್ಷೆ ಮಾಡತೊಡಗಿದರು. ಸರ್ವ್ ಮಾಡಬೇಕಿದ್ದ ಹುಡುಗಿ ಅಂಗೈಯಲ್ಲಿ ಚೆಂಡು ಇಟ್ಟುಕೊಂಡು, ಕೈ ಎತ್ತಲಾಗದೆ ಮತ್ತೆ ಮತ್ತೆ ನಿಂತಳು. ನಾನು ಸಂಘಟಕರೊಬ್ಬರ ಬಳಿ ಹೋಗಿ, ಐದು ನಿಮಿಷ ಮೈಕ್ ನಿಲ್ಲಿಸಿ ಎಂದು ಕೇಳಿಕೊಂಡೆ. ‘ಡಬಲ್ಸ್ ತಾನೇ ಮೇಡಂ, ಮುಗಿಯುತ್ತದೆ ಬಿಡಿ’ ಎಂದರು.

ಮೈ ಉರಿದುಹೋಯಿತು. ಈಗಲೂ ತಣ್ಣಗಾಗಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಡಬಲ್ಸ್ ಆಡಿ ಬೆಳೆದವಳು ಎಂಬುದು ಇಲ್ಲಿರುವ ಬಹುತೇಕರಿಗೆ ಗೊತ್ತು. ನನ್ನ ಜೊತೆ ಆಡಿದ ಕೆಲವರು ಇದನ್ನು ಓದುವವರ ಪಟ್ಟಿಯಲ್ಲೇ ಇದ್ದೀರಿ. ‘ಡಬಲ್ಸ್ ತಾನೇ’ ಎಂಬ ಮಾತನ್ನು ನಾವೆಲ್ಲರೂ ಬೇರೆ ಬೇರೆ ದನಿಗಳಲ್ಲಿ ಕೇಳಿದ್ದೇವೆ. ತರಬೇತುದಾರರು ಹೇಳಿದ್ದಾರೆ, ಮನೆಯವರು ಹೇಳಿದ್ದಾರೆ. ಸಿಂಗಲ್ಸ್‌ನಲ್ಲಿ ಸೋತವರಿಗೆ ಸಮಾಧಾನಕ್ಕೆಂದು ಇಟ್ಟಿರುವ ಆಟ, ಇಬ್ಬರು ಹಂಚಿಕೊಂಡ ಅರ್ಧರ್ಧ ಪದಕ ಎಂಬ ಭಾವನೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಹೇಳುವವರಿಗೆ ತಾವು ಯಾರನ್ನೋ ನೋಯಿಸುತ್ತಿದ್ದೇವೆ ಎಂಬುದೂ ತಿಳಿಯುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ಕಜಕಸ್ತಾನದ ಅಸ್ತಾನಾದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್ ನೆನಪಿದೆಯೇ? ಅಲ್ಲಿ ಐಹಿಕಾ ಮುಖರ್ಜಿ ಮತ್ತು ಸುತೀರ್ಥಾ ಮುಖರ್ಜಿ ಮಹಿಳಾ ಡಬಲ್ಸ್‌ನಲ್ಲಿ ಕಂಚು ಗೆದ್ದರು. ಈಗಿನ ಏಷ್ಯನ್ ಟೇಬಲ್ ಟೆನಿಸ್ ಒಕ್ಕೂಟದ ಮೊದಲ ಚಾಂಪಿಯನ್‌ಷಿಪ್ ನಡೆದದ್ದು 1972ರಲ್ಲಿ, ಬೀಜಿಂಗ್‌ನಲ್ಲಿ. ಅಲ್ಲಿಂದ ಲೆಕ್ಕ ಹಾಕಿದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಭಾರತಕ್ಕೆ ಈ ವಿಭಾಗದಲ್ಲಿ ಒಂದು ಪದಕವೂ ಇರಲಿಲ್ಲ. ಅದನ್ನು ಪಶ್ಚಿಮ ಬಂಗಾಳದ ನೈಹಾಟಿ ಎಂಬ ಒಂದೇ ಊರಿನ ಈ ಇಬ್ಬರು ತಂದರು. ಒಂದೇ ಅಡ್ಡಹೆಸರು ಎಂದಮಾತ್ರಕ್ಕೆ ಅಕ್ಕತಂಗಿಯರಲ್ಲ. ಆ ವಾರ ನಾನು ಎಷ್ಟು ಜನರೊಂದಿಗೆ ಈ ವಿಷಯ ಎತ್ತಿದೆನೋ ಅಷ್ಟೂ ಜನ ಮೊದಲು ಕೇಳಿದ್ದು ಸಿಂಗಲ್ಸ್‌ನಲ್ಲಿ ಏನಾಯಿತು ಎಂದು.

ಆ ಕಂಚು ಹೇಗೆ ಬಂತು ಎಂಬುದನ್ನು ಸ್ವಲ್ಪ ಹೇಳಲು ಬಿಡಿ. ಕ್ವಾರ್ಟರ್‌ಫೈನಲ್‌ನಲ್ಲಿ ಎದುರಿಗಿದ್ದವರು ದಕ್ಷಿಣ ಕೊರಿಯಾದ ಕಿಮ್ ನಾಯಂಗ್ ಮತ್ತು ಲೀ ಯುನ್‌ಹೇ. ಅಂಕಗಳು 10–12, 11–7, 11–9, 11–8. ಪತ್ರಿಕೆ ಓದುವವರಿಗೆ ಇದು ನಾಲ್ಕು ಜೋಡಿ ಅಂಕಿಗಳು ಮಾತ್ರ. ಡಬಲ್ಸ್ ಆಡಿದವರ ಕಣ್ಣು ನೇರವಾಗಿ ಮೂರನೆಯ ಗೇಮ್‌ಗೆ ಹೋಗುತ್ತದೆ. ಏಕೆಂದರೆ ಡಬಲ್ಸ್‌ನಲ್ಲಿ ಯಾರ ಚೆಂಡನ್ನು ಯಾರು ಎದುರಿಸಬೇಕು ಎಂಬ ಸರದಿ ಪ್ರತಿ ಗೇಮ್‌ಗೂ ತಿರುಗುಮುರುಗಾಗುತ್ತದೆ. ಮೊದಲ ಗೇಮ್‌ನಲ್ಲಿ ಒಂದು ಸರದಿ, ಎರಡನೆಯದರಲ್ಲಿ ಅದರ ತದ್ವಿರುದ್ಧ, ಮೂರನೆಯದರಲ್ಲಿ ಮತ್ತೆ ಮೊದಲಿನದೇ. ಯಾವ ಸರದಿಯಲ್ಲಿ ಮೊದಲ ಗೇಮ್ ಕೈತಪ್ಪಿತೋ ಅದೇ ಸರದಿಯಲ್ಲಿ, ಅದೇ ಎದುರಾಳಿಯ ಅದೇ ಹೊಡೆತಗಳನ್ನು ಎದುರಿಸಿ ಮೂರನೆಯದನ್ನು 11–9ರಿಂದ ಗೆದ್ದರು. ಅಷ್ಟರೊಳಗೆ, ಎರಡು ಗೇಮ್‌ಗಳ ನಡುವಿನ ಒಂದೊಂದು ನಿಮಿಷದ ಬಿಡುವಿನಲ್ಲಿ, ಇಬ್ಬರೂ ಸೇರಿ ಗಂಟು ಎಲ್ಲಿದೆ ಎಂದು ಹುಡುಕಿ ಬಿಚ್ಚಿದ್ದಾರೆ. ಸಿಂಗಲ್ಸ್‌ನಲ್ಲಿ ಇಂಥ ಸಮಸ್ಯೆಯೇ ಬರುವುದಿಲ್ಲ. ಅಲ್ಲಿ ಎದುರಿಗಿರುವವರು ಯಾವಾಗಲೂ ಒಬ್ಬರೇ.

ಸೆಮಿಫೈನಲ್‌ನಲ್ಲಿ ಜಪಾನಿನ ಮಿವಾ ಹರಿಮೊಟೊ ಮತ್ತು ಮಿಯು ಕಿಹಾರಾ ಎದುರು 0–3ರಿಂದ ಸೋತರು. ಆ ಸೋಲನ್ನು ನಾನು ಮುಚ್ಚಿಡುವುದಿಲ್ಲ, ಜಪಾನಿನವರು ಚೆನ್ನಾಗಿಯೇ ಆಡಿದರು. ಆಗ ಹರಿಮೊಟೊಗೆ 16 ವರ್ಷ. ಅದೇ ಕೂಟದಲ್ಲಿ ಕೆಲವೇ ದಿನಗಳ ಹಿಂದೆ ಜಪಾನಿನ ಮಹಿಳಾ ತಂಡ ಚೀನಾವನ್ನು ಮಣಿಸಿ ಐವತ್ತು ವರ್ಷಗಳ ಬಳಿಕ ತಂಡ ಪ್ರಶಸ್ತಿ ಗೆದ್ದಿತ್ತು. ಇನ್ನೊಂದು ಮಾತೂ ಇದೆ. 2023ರಲ್ಲಿ ಟ್ಯುನಿಸ್‌ನ ಡಬ್ಲ್ಯುಟಿಟಿ (ವರ್ಲ್ಡ್ ಟೇಬಲ್ ಟೆನಿಸ್) ಕಂಟೆಂಡರ್ ಟೂರ್ನಿಯ ಫೈನಲ್‌ನಲ್ಲಿ ಇದೇ ಹರಿಮೊಟೊ–ಕಿಹಾರಾ ಜೋಡಿಯನ್ನು ಸೋಲಿಸಿ ಪ್ರಶಸ್ತಿ ಎತ್ತಿದವರು ನಮ್ಮವರೇ. ಅಂದರೆ ಅಸ್ತಾನಾದ ಕಂಚು ಅದೃಷ್ಟದಿಂದ ಬಂದು ಮಡಿಲಿಗೆ ಬಿದ್ದದ್ದಲ್ಲ.

ಅದಕ್ಕೂ ದೊಡ್ಡದು ಹಾಂಗ್‌ಝೌ. 2023ರ ಸೆಪ್ಟೆಂಬರ್ ಕೊನೆ, ಏಷ್ಯನ್ ಕ್ರೀಡಾಕೂಟದ ಕ್ವಾರ್ಟರ್‌ಫೈನಲ್. ಚೀನಾದ ನೆಲ, ಚೀನಾದ ಪ್ರೇಕ್ಷಕರು. ಎದುರಿಗೆ ಚೆನ್ ಮೆಂಗ್ ಮತ್ತು ವಾಂಗ್ ಯಿದಿ. ಅದೇ ವರ್ಷ ಡರ್ಬನ್‌ನಲ್ಲಿ ವಿಶ್ವ ಚಾಂಪಿಯನ್ನರಾದ ಜೋಡಿ. 11–5, 11–5, 5–11, 11–9. ಐಹಿಕಾ–ಸುತೀರ್ಥಾ ಗೆದ್ದರು. ಕೊನೆಯ ಅಂಕ ಬಿದ್ದಾಗ ನಾನು ಅತ್ತುಬಿಟ್ಟೆ. ಕ್ರಿಕೆಟ್ ವಿಶ್ವಕಪ್‌ಗೂ ನನಗೆ ಕಣ್ಣೀರು ಬಂದಿಲ್ಲ. ಸೆಮಿಫೈನಲ್‌ನಲ್ಲಿ ಉತ್ತರ ಕೊರಿಯಾದ ಜೋಡಿ ಎದುರು ಏಳು ಗೇಮ್ ಹೋರಾಡಿ 3–4ರಿಂದ ಸೋತು ಕಂಚು ತಂದರು. ಏಷ್ಯನ್ ಕ್ರೀಡಾಕೂಟದ ಮಹಿಳಾ ಡಬಲ್ಸ್‌ನಲ್ಲಿ ಭಾರತಕ್ಕೆ ಅದೂ ಮೊದಲ ಪದಕವೇ.

ನನ್ನ ಗೆಳೆಯರೊಬ್ಬರು, ಆಟ ಬಲ್ಲವರೇ, ಇದಕ್ಕೆ ಒಂದು ವಾದ ಹೂಡುತ್ತಾರೆ. ಅಗ್ರ ಆಟಗಾರ್ತಿಯರ ಗಮನವೆಲ್ಲ ಸಿಂಗಲ್ಸ್ ಮೇಲೆ, ಡಬಲ್ಸ್‌ಗೆ ಅವರು ಅಭ್ಯಾಸ ಮಾಡುವುದೇ ಕಡಿಮೆ, ಆದ್ದರಿಂದ ಅಲ್ಲಿನ ಪೈಪೋಟಿ ತೆಳು ಎಂದು. ಕೇಳಲು ಸರಿಯೆನಿಸುತ್ತದೆ. ಹಾಗಾದರೆ ಚೆನ್ ಮೆಂಗ್ ಯಾರು? ಟೋಕಿಯೊದಲ್ಲಿ ಒಲಿಂಪಿಕ್ ಸಿಂಗಲ್ಸ್ ಚಿನ್ನ ಗೆದ್ದು, ಮುಂದೆ ಪ್ಯಾರಿಸ್‌ನಲ್ಲೂ ಮತ್ತೆ ಗೆದ್ದವರು. ಸಿಂಗಲ್ಸ್ ಬಲವನ್ನು ಕೂಡಿಸಿದರೆ ಡಬಲ್ಸ್ ಬಲ ಸಿಗುವುದಾಗಿದ್ದರೆ ಹಾಂಗ್‌ಝೌನಲ್ಲಿ ನಮ್ಮವರಿಗೆ ಒಂದು ಗೇಮ್ ಕೂಡ ಸಿಗಬಾರದಿತ್ತು. ಇಬ್ಬರು ಒಳ್ಳೆಯ ಗಾಯಕರನ್ನು ಒಂದೇ ವೇದಿಕೆಯಲ್ಲಿ ಕೂರಿಸಿದಮಾತ್ರಕ್ಕೆ ಜುಗಲ್‌ಬಂದಿ ಆಗುವುದಿಲ್ಲ.

ಡಬಲ್ಸ್‌ನಲ್ಲಿ ಏನಿದೆ ಎಂದು ಕೇಳುವವರು ಟೇಬಲ್ ಮೇಲಿನ ಚೆಂಡನ್ನು ಬಿಟ್ಟು ಕೆಳಗಿನ ಕಾಲುಗಳನ್ನು ನೋಡಬೇಕು. ಇಬ್ಬರೂ ಒಬ್ಬರಾದ ಮೇಲೊಬ್ಬರಂತೆ ಹೊಡೆಯಲೇಬೇಕು. ಒಬ್ಬಳೇ ಸತತ ಎರಡು ಬಾರಿ ಹೊಡೆದರೆ ಅಂಕ ಹೋಯಿತು. ಹೊಡೆದವಳು ಹೊಡೆತ ಮುಗಿಯುವ ಮೊದಲೇ ಜಾಗ ಖಾಲಿ ಮಾಡಲು ಶುರುಮಾಡಿರಬೇಕು. ಇಲ್ಲದಿದ್ದರೆ ಜೊತೆಗಾರ್ತಿ ಅವಳ ಬೆನ್ನ ಹಿಂದೆ ಸಿಕ್ಕಿಹಾಕಿಕೊಳ್ಳುತ್ತಾಳೆ. ಹೊರಗೆ ಸರಿಯುವುದಷ್ಟೇ ಅಲ್ಲ, ಮುಂದಿನ ಸರದಿಗೆ ಸರಿಯಾದ ಕಡೆಯಿಂದ ಒಳಗೆ ಬರಬೇಕು. ಎಡಗೈ–ಬಲಗೈ ಜೋಡಿಗೆ ಇದು ಸಲೀಸು. ಹಾಂಗ್‌ಝೌನಲ್ಲಿ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಶಿನ್ ಯುಬಿನ್–ಜಿಯೋನ್ ಜಿಹೀ ಅವರನ್ನು ನೋಡಿ. ಜಿಯೋನ್ ಎಡಗೈಯವರು. ಇಬ್ಬರೂ ತಂತಮ್ಮ ಹೊರಬದಿಗೆ ಸರಿದು ನಿಲ್ಲುವುದರಿಂದ ದಾರಿ ತಾನಾಗಿಯೇ ತೆರೆದಿರುತ್ತದೆ. ಇಬ್ಬರೂ ಒಂದೇ ಕೈಯವರಾದರೆ ಹಿಂದೆ ಸುತ್ತು ಹಾಕುತ್ತಲೇ ಇರಬೇಕು, ಅದೂ ಪರಸ್ಪರ ನೋಡದೆ.

ಸರ್ವ್‌ನದ್ದು ಇನ್ನೊಂದು ಕಥೆ. ಡಬಲ್ಸ್‌ನಲ್ಲಿ ಸರ್ವ್ ನಮ್ಮ ಬಲ ಅರ್ಧದಿಂದ ಎದುರಾಳಿಯ ಬಲ ಅರ್ಧಕ್ಕೆ, ಓರೆಯಾಗಿಯೇ ಹೋಗಬೇಕು. ಚೆಂಡು ಎಲ್ಲಿ ಬೀಳುತ್ತದೆ ಎಂಬುದು ಎದುರಾಳಿಗೆ ಮುಂಚೆಯೇ ಅರ್ಧ ಗೊತ್ತಿರುತ್ತದೆ. ಹಾಗಾಗಿ ಮೋಸಗೊಳಿಸಲು ಉಳಿಯುವುದು ಎತ್ತರ, ಉದ್ದ, ಸ್ಪಿನ್ ಮೂರೇ. ಸರ್ವ್ ಮಾಡುವವಳು ಟೇಬಲ್ ಕೆಳಗೆ ಬೆರಳುಗಳಿಂದ ಸನ್ನೆ ಮಾಡುವುದನ್ನು ಟಿ.ವಿ.ಯಲ್ಲಿ ಗಮನಿಸಿರುತ್ತೀರಿ. ಆ ಸನ್ನೆ ಎದುರಿನವರಿಗೆ ಕಾಣಬಾರದು, ಜೊತೆಗಾರ್ತಿಗೆ ಕಾಣಲೇಬೇಕು. ಸರ್ವ್‌ಗೆ ಬರುವ ಉತ್ತರವನ್ನು ಎದುರಿಸುವುದು ಅವಳೇ ಅಲ್ಲವೇ? ನಾನು ಕೊಟ್ಟ ಸರ್ವ್‌ನ ಫಲವನ್ನು ಅವಳು ಉಣ್ಣಬೇಕು. ಅವಳು ಎತ್ತರಕ್ಕೆ ಬಿಟ್ಟ ಚೆಂಡಿಗೆ ಬೀಳುವ ಏಟನ್ನು ನಾನು ತಡೆಯಬೇಕು.

ಐಹಿಕಾ–ಸುತೀರ್ಥಾ ಜೋಡಿಯ ನಿಜವಾದ ಬುದ್ಧಿವಂತಿಕೆ ಇರುವುದು ಇಲ್ಲೇ. ಐಹಿಕಾ ಬ್ಯಾಟ್‌ನ ಬ್ಯಾಕ್‌ಹ್ಯಾಂಡ್ ಬದಿಯಲ್ಲಿ ಆ್ಯಂಟಿ–ಸ್ಪಿನ್ ರಬ್ಬರ್ ಬಳಸುತ್ತಾರೆ. ನಯವಾದ, ಚೆಂಡನ್ನು ಹಿಡಿಯದ ರಬ್ಬರ್. ಅದರ ಮೇಲೆ ಬಿದ್ದ ಟಾಪ್‌ಸ್ಪಿನ್ (ಚೆಂಡಿನ ಮುಂದಕ್ಕೆ ಉರುಳುವ ತಿರುಗು) ಸತ್ತು, ಎಷ್ಟೋ ಸಲ ಬ್ಯಾಕ್‌ಸ್ಪಿನ್ (ಹಿಂದಕ್ಕೆ ಉರುಳುವ ತಿರುಗು) ಆಗಿ ಮರಳುತ್ತದೆ. ಸಿಂಗಲ್ಸ್‌ನಲ್ಲಾದರೆ ಎದುರಾಳಿಗೆ ಒಂದು ಅನುಕೂಲವಿದೆ: ಸ್ಪಿನ್ ಕೊಟ್ಟವಳೂ ಅವಳೇ, ವಾಪಸ್ ಪಡೆಯುವವಳೂ ಅವಳೇ. ತಾನು ಎಷ್ಟು ಕೊಟ್ಟೆ ಎಂಬ ಅಂದಾಜು ಕೈಯಲ್ಲೇ ಇರುತ್ತದೆ. ಡಬಲ್ಸ್‌ನಲ್ಲಿ ಹಾಗಿಲ್ಲ. ಸ್ಪಿನ್ ಕೊಟ್ಟವಳು ಒಬ್ಬಳು, ಅದು ಐಹಿಕಾ ಬ್ಯಾಟ್‌ಗೆ ಬಡಿದು ತಲೆಕೆಳಗಾಗಿ ಬಂದಾಗ ಹೊಡೆಯಬೇಕಾದವಳು ಇನ್ನೊಬ್ಬಳು. ತನ್ನ ಜೊತೆಗಾರ್ತಿ ಎಷ್ಟು ಸ್ಪಿನ್ ಕೊಟ್ಟಿದ್ದಳು, ಐಹಿಕಾ ಯಾವ ಬದಿಯಿಂದ ಮುಟ್ಟಿದರು ಎಂಬ ಎರಡನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಹಾಕಬೇಕು. ಅರೆಕ್ಷಣ ಅನುಮಾನ ಬಂದರೂ ಚೆಂಡು ಸಡಿಲವಾಗಿ ಎತ್ತರಕ್ಕೆ ಬರುತ್ತದೆ. ಅಲ್ಲಿ ಸುತೀರ್ಥಾ ಕಾದಿರುತ್ತಾರೆ. ಸಿಂಗಲ್ಸ್‌ನಲ್ಲಿ ಕಿರಿಕಿರಿಯೆನಿಸುವ ಒಂದು ರಬ್ಬರ್ ಡಬಲ್ಸ್‌ನಲ್ಲಿ ದುಪ್ಪಟ್ಟು ಕಷ್ಟವಾಗುವುದು ಹೀಗೆ. ಇದನ್ನು ಕಟ್ಟಲು ವರ್ಷಗಟ್ಟಲೆ ಒಟ್ಟಿಗೆ ಆಡಬೇಕು.

ಇಷ್ಟೆಲ್ಲ ಇದ್ದರೂ ಈ ಜೋಡಿಗೆ ಒಲಿಂಪಿಕ್ಸ್‌ನಲ್ಲಿ ಜಾಗವೇ ಇರಲಿಲ್ಲ. 1988ರಲ್ಲಿ ಸೋಲ್‌ನಲ್ಲಿ ಟೇಬಲ್ ಟೆನಿಸ್ ಒಲಿಂಪಿಕ್ಸ್‌ಗೆ ಬಂದಾಗ ಮಹಿಳಾ ಡಬಲ್ಸ್ ಇತ್ತು, 2004ರ ಅಥೆನ್ಸ್‌ವರೆಗೂ ಇತ್ತು. 2008ರಲ್ಲಿ ತೆಗೆದುಹಾಕಿ ತಂಡ ವಿಭಾಗ ತಂದರು. ವಿಶ್ವ ಚಾಂಪಿಯನ್ನರನ್ನು ಅವರದೇ ನೆಲದಲ್ಲಿ ಸೋಲಿಸಿದವರು ಪ್ಯಾರಿಸ್‌ಗೆ ಹೋದ ಮೂವರ ತಂಡದಲ್ಲಿ ಇರಲಿಲ್ಲ. ಐಹಿಕಾ ಮೀಸಲು ಆಟಗಾರ್ತಿಯಾಗಿದ್ದರು, ಸುತೀರ್ಥಾ ಅದೂ ಆಗಿರಲಿಲ್ಲ. ಹೋದವರ ಬಗ್ಗೆ ನನಗೆ ಒಂದಿಷ್ಟೂ ಅಸಮಾಧಾನವಿಲ್ಲ. ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿ ಎದುರು ಭಾರತಕ್ಕೆ ಬಂದ ಏಕೈಕ ಗೆಲುವು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಅವರದ್ದು. ಅದನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ. ನನ್ನ ಸಿಟ್ಟು ಇರುವುದು ಡಬಲ್ಸ್ ಆಟಗಾರ್ತಿಯರಿಗೆ ಬಾಗಿಲನ್ನೇ ಇಡದ ವ್ಯವಸ್ಥೆಯ ಮೇಲೆ. ವಿಚಿತ್ರವೆಂದರೆ ಅದೇ ಪ್ಯಾರಿಸ್‌ನಲ್ಲಿ ತಂಡ ವಿಭಾಗದ ಪ್ರತಿ ಮುಖಾಮುಖಿಯೂ ಡಬಲ್ಸ್ ಪಂದ್ಯದಿಂದಲೇ ಆರಂಭವಾಗುತ್ತಿತ್ತು. ರೊಮೇನಿಯಾ ಎದುರು ಶ್ರೀಜಾ ಅಕುಲಾ ಮತ್ತು ಅರ್ಚನಾ ಆ ಮೊದಲ ಪಂದ್ಯ ಗೆದ್ದುಕೊಟ್ಟರು, ಭಾರತ 3–2ರಿಂದ ಎಂಟರ ಘಟ್ಟ ತಲುಪಿತು. ಆ ಒಂದು ಡಬಲ್ಸ್ ಸೋತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಇದನ್ನು ಯಾರಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ. ಸಿಂಗಲ್ಸ್ ಆಡುವಾಗ ನನಗೆ ಯಾವಾಗಲೂ ಭಯ. ತಪ್ಪಾದಾಗ ತಿರುಗಿ ನೋಡಲು ಯಾರೂ ಇಲ್ಲ ಎಂಬ ಭಯ. ಪಕ್ಕದಲ್ಲಿ ಜೊತೆಗಾರ್ತಿ ನಿಂತಾಗ ಮಾತ್ರ ಕೈ ಹಗುರವಾಗುತ್ತಿತ್ತು. ನನ್ನ ತಪ್ಪಿಗೆ ಅವಳು ಬೆನ್ನು ತಟ್ಟಿ ‘ಮುಂದಿನದು’ ಎನ್ನುತ್ತಿದ್ದಳು. ನನ್ನೊಳಗೆ ಒಬ್ಬ ಆಟಗಾರ್ತಿ ಇದ್ದಾಳೆ ಎಂದು ನನಗೆ ಗೊತ್ತಾದದ್ದು ಡಬಲ್ಸ್‌ನಲ್ಲಿ. ನನ್ನಂಥ ಹುಡುಗಿಯರು ಪ್ರತಿ ಕ್ರೀಡಾಂಗಣದಲ್ಲೂ ಇದ್ದಾರೆ. ‘ಡಬಲ್ಸ್ ತಾನೇ’ ಎಂದಾಗ ನೀವು ಅವರಿಗೆ ಮನೆಗೆ ಹೋಗಿ ಎನ್ನುತ್ತಿದ್ದೀರಿ.

ಈಗ ಕಾಲ ಬದಲಾಗಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಮಹಿಳಾ ಡಬಲ್ಸ್ ಮರಳುತ್ತಿದೆ. ಮಹಿಳೆಯರ ತಂಡ ವಿಭಾಗ ಇರುವುದಿಲ್ಲ, ಬದಲಿಗೆ ಮಿಶ್ರ ತಂಡ. ಪದಕದ ಆಸೆ ಹುಟ್ಟಿದಕೂಡಲೇ ಎಲ್ಲರಿಗೂ ಡಬಲ್ಸ್ ಮೇಲೆ ಪ್ರೀತಿ ಉಕ್ಕುತ್ತದೆ ಎಂದು ಬಲ್ಲೆ. ಉಕ್ಕಲಿ. ಆದರೆ ಸಿಂಗಲ್ಸ್ ರ್‍ಯಾಂಕಿಂಗ್‌ನಲ್ಲಿ ಮೊದಲ ಇಬ್ಬರು ಯಾರೆಂದು ನೋಡಿ, ಕೊನೆಯ ಗಳಿಗೆಯಲ್ಲಿ ಅವರನ್ನು ಒಟ್ಟಿಗೆ ನಿಲ್ಲಿಸಿ ಕಳಿಸುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಈಗಲೇ ಕೈಬಿಡಲಿ. ಜೋಡಿಯನ್ನು ಜೋಡಿಯಾಗಿಯೇ ಆರಿಸಬೇಕು. ರಾಜ್ಯ ಮಟ್ಟದ ಶಿಬಿರಗಳಲ್ಲಿ ಡಬಲ್ಸ್‌ಗೆಂದೇ ಬೇರೆ ಹೊತ್ತು ಮೀಸಲಿಡಬೇಕು. ಹನ್ನೆರಡು–ಹದಿಮೂರರ ಹುಡುಗಿಯರಿಗೆ ಒಬ್ಬಳೇ ಜೊತೆಗಾರ್ತಿಯೊಂದಿಗೆ ಮೂರು–ನಾಲ್ಕು ವರ್ಷ ಆಡಲು ಬಿಡಬೇಕು. ಟೂರ್ನಿಯ ವೇಳಾಪಟ್ಟಿ ಹಾಕುವಾಗ ಡಬಲ್ಸ್ ಫೈನಲ್‌ಗೂ ನಡುವಿನ ಟೇಬಲ್ ಕೊಡಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.

ಈ ಬರಹಕ್ಕೆ ವಾದ ಮಾಡಲು ಬರುವವರಿದ್ದೀರಿ ಎಂದು ಗೊತ್ತು, ಹೆಸರು ಸಮೇತ ಗೊತ್ತು. ಬನ್ನಿ. ಬರುವ ಮೊದಲು ಹಾಂಗ್‌ಝೌನ ಆ ಕ್ವಾರ್ಟರ್‌ಫೈನಲ್‌ನ ನಾಲ್ಕನೆಯ ಗೇಮ್ ಪೂರ್ತಿ ನೋಡಿ. ಮೂರನೆಯದನ್ನು 5–11ರಿಂದ ಕಳೆದುಕೊಂಡ ಮೇಲೆ, ಪ್ರೇಕ್ಷಕರೆಲ್ಲ ಎದುರಾಳಿಗಳ ಕಡೆಗಿರುವಾಗ, ಆ ಇಬ್ಬರು 11–9 ತಲುಪಿದ್ದು ಹೇಗೆ ಎಂದು ಒಂದೊಂದು ಅಂಕವನ್ನೂ ನೋಡಿ. ಆಮೇಲೂ ಡಬಲ್ಸ್ ಎರಡನೆಯ ದರ್ಜೆಯ ಆಟ ಎನಿಸಿದರೆ, ಯಾವ ಅಂಕದಲ್ಲಿ ಹಾಗೆನಿಸಿತು ಎಂದು ಬರೆಯಿರಿ. ಆ ಅಂಕದಿಂದಲೇ ಮಾತು ಶುರುಮಾಡೋಣ.