ಗ್ರಿಡ್‌ಗೆ ಕೂರದ ಹಾಡು

ಹೋದ ಶನಿವಾರ ಇಂದಿರಾನಗರದ ಒಂದು ಪಬ್‌ಗೆ ಹೋಗಿದ್ದೆ. ಹೆಸರು ಬೇಡ ಬಿಡಿ. ಒಂದೂವರೆ ಗಂಟೆ ಕೂತರೂ ಹಾಡು ಯಾವಾಗ ಬದಲಾಯಿತು ಅಂತಲೇ ಗೊತ್ತಾಗಲಿಲ್ಲ. ಕೊನೆಗೆ ಡಿಜೆ ಹುಡುಗನ ಹತ್ತಿರ ಹೋಗಿ ಎಂಬತ್ತರ ದಶಕದ ಒಂದು ಕನ್ನಡ ಸಿನಿಮಾ ಹಾಡು ಕೇಳಿದೆ. ಹೆಡ್‌ಫೋನ್ ಸರಿಸಿ ನಕ್ಕ. "ಇದೆ ಸರ್, ಆದ್ರೆ ಗ್ರಿಡ್ ಕೂರಲ್ಲ."

ಪಾಪ, ಸುಳ್ಳೇನೂ ಹೇಳಲಿಲ್ಲ. ಡಿಜೆ ಸಾಫ್ಟ್‌ವೇರ್ ಸಾಮಾನ್ಯವಾಗಿ ಪ್ರತಿ ಹಾಡಿನ ಮೇಲೂ ತಾಳದ ಪೆಟ್ಟಿಗೊಂದರಂತೆ ಸಮ ಅಂತರದ ಗೆರೆ ಎಳೆಯುತ್ತದೆ. ಅದೇ ಬೀಟ್‌ಗ್ರಿಡ್. ಎರಡು ಹಾಡುಗಳ ಗೆರೆ ಹೊಂದಿಸುವುದು ಸಿಂಕ್ ಬಟನ್ ಕೆಲಸ. ಕಂಪ್ಯೂಟರ್‌ನಲ್ಲೇ ಹುಟ್ಟಿದ ಹಾಡು 126 ಬಿಪಿಎಂ, ಅಂದರೆ ನಿಮಿಷಕ್ಕೆ 126 ಪೆಟ್ಟು, ಅಂದರೆ ಕೊನೆವರೆಗೂ 126. ಆದರೆ ತಬಲಾ, ಡ್ರಮ್ಸ್, ಪಿಟೀಲಿನವರು ಒಟ್ಟಿಗೆ ಕೂತು ನುಡಿಸಿದ ಹಾಡು ಚರಣದಲ್ಲಿ ಸ್ವಲ್ಪ ಓಡುತ್ತದೆ, ಪಲ್ಲವಿಗೆ ಬಂದು ಉಸಿರು ಬಿಡುತ್ತದೆ. ಗೆರೆ ಜಾರುತ್ತದೆ. ಹಾಗಾಗಿ ಪೆನ್‌ಡ್ರೈವ್‌ನಲ್ಲಿ 20,000 ಹಾಡಿದ್ದರೂ ರಾತ್ರಿಯೆಲ್ಲ ಸುತ್ತುವುದು ಅದೇ ನಲವತ್ತು. ಬಿಪಿಎಂ ಪ್ರಕಾರ ಪಟ್ಟಿ ಜೋಡಿಸಿದರೆ 124ರ ಪಕ್ಕ 125 ತಾನೇ ಬರೋದು?

ಹಳೇದೇ ಚೆನ್ನ ಅನ್ನುವ ಗುಂಪಿನವನಲ್ಲ ನಾನು. ರೆಕಾರ್ಡ್ ಪೆಟ್ಟಿಗೆ ಹೊತ್ತು ಸೊಂಟ ಹಿಡಿಸಿಕೊಳ್ಳುವ ಸುಖ ಯಾರಿಗೂ ಬೇಡ. ಆದರೆ ಎಪ್ಪತ್ತರ ದಶಕದ ಡಿಸ್ಕೋ ರೆಕಾರ್ಡುಗಳಲ್ಲೂ ಬಹಳಷ್ಟಕ್ಕೆ ಡ್ರಮ್ಸ್ ಬಾರಿಸಿದ್ದು ಮನುಷ್ಯರೇ. ಲಯ ಅಲ್ಲೂ ಅಲುಗುತ್ತಿತ್ತು. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನಲ್ಲಿ ವೇಗವನ್ನು ಎಂಟು ಪರ್ಸೆಂಟ್ ಏರಿಸಿ ಇಳಿಸುವ ಸ್ಲೈಡರ್ ಇತ್ತು. 100ರ ಹಾಡು 92ರಿಂದ 108ರವರೆಗೆ ಹೋಗುತ್ತಿತ್ತು. ಉಳಿದದ್ದು ಕಿವಿ ಮತ್ತು ಬೆರಳಿನ ಕೆಲಸ. ನ್ಯೂಯಾರ್ಕ್‌ನ ‘ದಿ ಲಾಫ್ಟ್’ ಪಾರ್ಟಿಗಳನ್ನು ನಡೆಸಿ ಅಲ್ಲಿ ತಾವೇ ಹಾಡು ಹಾಕುತ್ತಿದ್ದ ಡೇವಿಡ್ ಮ್ಯಾಂಕುಸೊ ಅಂತೂ ಆಮೇಲಾಮೇಲೆ ಮಿಕ್ಸ್ ಮಾಡುವುದನ್ನೇ ಬಿಟ್ಟರು. ಒಂದು ಹಾಡು ಪೂರ್ತಿ, ಆಮೇಲೆ ಇನ್ನೊಂದು. ಜನ ಕುಣಿಯುವುದನ್ನೇನೂ ನಿಲ್ಲಿಸಲಿಲ್ಲ.

ಈಗಿನ ಸಾಫ್ಟ್‌ವೇರ್‌ನಲ್ಲೂ ಅಲುಗುವ ಲಯಕ್ಕೆ ಗ್ರಿಡ್ ಹಾಕಬಹುದು. ಆದರೆ ಕೆಲವು ಹಾಡಿಗೆ ಕೂತು ಕೈಯಲ್ಲೇ ತಿದ್ದಬೇಕು. ರಾತ್ರಿ ಲೆಕ್ಕದಲ್ಲಿ ಸಂಬಳ ತಗೊಳ್ಳೋ ಹುಡುಗನಿಗೆ ಆ ಹೊತ್ತಿನ ದುಡ್ಡು ಯಾರು ಕೊಡ್ತಾರೆ? ಫ್ಲೋರ್ ಎರಡು ನಿಮಿಷ ಖಾಲಿಯಾದರೆ ಮ್ಯಾನೇಜರ್ ಬಂದು ನಿಲ್ಲುತ್ತಾನೆ. ಅದಕ್ಕೇ ಬಟನ್ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಬಟನ್‌ಗೆ ಇಷ್ಟವಾಗುವ ಹಾಡೇ ಹಾಡು ಅಂದುಕೊಂಡ ನಮ್ಮ ಮೇಲೆ ಜಾಸ್ತಿ.

ಅಂದಹಾಗೆ, ನಾನು ಕೇಳಿದ ಹಾಡು ಬಂತು. ರಾತ್ರಿ ಪಬ್ ಮುಚ್ಚುವ ಹೊತ್ತಿಗೆ, ಲೈಟೆಲ್ಲ ಹಾಕಿದ ಮೇಲೆ, ಬಿಲ್ ಕಟ್ಟುವ ಗದ್ದಲದ ನಡುವೆ.